ಮೆದುಳು ಜ್ವರವನ್ನು ಎಂಆರ್‌ಐನಲ್ಲಿ ಅಧ್ಯಯನ ಮಾಡುವುದು ಹೇಗೆ: ಕೋಲಾರ ಕಡೆಯ ಪಿಜಿಗಳಿಗೆ ಸಮಗ್ರ ಮಾರ್ಗದರ್ಶಿ

ರೇಡಿಯಾಲಜಿ ಪಿಜಿಗಳು, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳು, ಥೀಸಿಸ್‌ಗೆ ವಿಷಯ ಹುಡುಕುವಾಗ ಮೆದುಳು ಜ್ವರ ಪಟ್ಟಿಯಲ್ಲಿ ಬಂದೇ ಬರುತ್ತದೆ. ಕೋಲಾರದ ಕಡೆ ಓದುವವರಿಗೆ ಅದಕ್ಕೆ ಒಳ್ಳೆಯ ಕಾರಣವೂ ಇದೆ. 1970ರ ದಶಕದ ಕೊನೆಯಲ್ಲೇ ಈ ಜಿಲ್ಲೆಯಲ್ಲಿ ಜಪಾನೀಸ್ ಎನ್‌ಸೆಫಲೈಟಿಸ್, ಅಂದರೆ ಜೆಇ, ಕಾಣಿಸಿಕೊಂಡಿತ್ತು. 1987ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇನ್ನೂ ಕುತೂಹಲದ್ದು. ಕೋಲಾರ ಜಿಲ್ಲೆಯಲ್ಲಿ ಮೆದುಳು ಜ್ವರದಿಂದ ತೀರಿಕೊಂಡವರಲ್ಲಿ ಜೆಇ ವೈರಸ್ ಮಾತ್ರ ಅಲ್ಲ, ವೆಸ್ಟ್ ನೈಲ್ ವೈರಸ್ ಕೂಡ ಸಿಕ್ಕಿತ್ತು. ಒಂದೇ ಜಿಲ್ಲೆ, ಒಂದೇ ಥರದ ಕಾಯಿಲೆ, ಎರಡು ವೈರಸ್. ರೋಗಿಯನ್ನು ನೋಡಿ ಇದು ಯಾವುದು ಎಂದು ಹೇಳುವುದು ಕಷ್ಟ. ಸ್ಕ್ಯಾನ್ ನೋಡಿ ಹೇಳುವುದೂ ಕಷ್ಟವೇ, ಯಾಕೆಂದರೆ ಎರಡೂ ವೈರಸ್ ಮೆದುಳಿನ ಆಳದಲ್ಲಿ ಎಡಕ್ಕೊಂದು ಬಲಕ್ಕೊಂದು ಇರುವ ಥಲಾಮಸ್‌ಗೆ ಕೈ ಹಾಕುತ್ತವೆ.

ಒಂದು ಲೆಕ್ಕ ಮೊದಲೇ ತಲೆಯಲ್ಲಿ ಇರಲಿ. ಜೆಇ ವೈರಸ್‌ನ ಅಡ್ಡಳತೆ ಸುಮಾರು 50 ನ್ಯಾನೊಮೀಟರ್. ಒಳ್ಳೆಯ ಎಂಆರ್‌ಐನಲ್ಲಿ ಒಂದು ಚುಕ್ಕಿ 1 ಮಿಲಿಮೀಟರ್ ಅಂದುಕೊಳ್ಳಿ. ಆ ಒಂದು ಚುಕ್ಕಿಯ ಉದ್ದಕ್ಕೆ 20,000 ವೈರಸ್‌ಗಳನ್ನು ಸಾಲಾಗಿ ನಿಲ್ಲಿಸಬಹುದು. ಎಂಆರ್‌ಐ ವೈರಸ್ಸನ್ನು ತೋರಿಸುವುದೇ ಇಲ್ಲ. ಅದು ಬಂದು ಹೋದ ಜಾಗದ ಊತವನ್ನು, ಸತ್ತ ಜೀವಕೋಶವನ್ನು, ರಕ್ತಸ್ರಾವವನ್ನು ತೋರಿಸುತ್ತದೆ. ಹಾಗಾಗಿ ಪ್ರತಿ ಚಿತ್ರದ ಪಕ್ಕದಲ್ಲಿ ಎರಡು ಸಂಗತಿ ಬೇಕು: ಕಾಯಿಲೆ ಶುರುವಾದ ತಾರೀಕು, ಮತ್ತು ಲ್ಯಾಬ್ ರಿಪೋರ್ಟ್. ಇವು ಇಲ್ಲದಿದ್ದರೆ 3 ಟೆಸ್ಲಾ ಮಷೀನ್ ಚಿತ್ರವೂ ಅಧ್ಯಯನಕ್ಕೆ ಕೆಲಸಕ್ಕೆ ಬಾರದು.

ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ಜೆಇ ರೋಗಿಗಳ ಎಂಆರ್‌ಐ ಲಕ್ಷಣಗಳು" ಎಂಬುದು ಪ್ರಶ್ನೆ ಅಲ್ಲ, ಬರೀ ತಲೆಬರಹ. ಅದನ್ನು ಈಗಾಗಲೇ ಎಷ್ಟೋ ಜನ ಬರೆದಾಗಿದೆ. ಹೀಗೆ ಕೇಳಿ ನೋಡಿ: "ಮೊದಲ ಎರಡು ವಾರದ ಸ್ಕ್ಯಾನ್‌ನಲ್ಲಿ ಸಬ್‌ಸ್ಟ್ಯಾನ್ಶಿಯಾ ನೈಗ್ರಾದಲ್ಲಿ (ಚಲನೆಯನ್ನು ನಿಯಂತ್ರಿಸುವ ಮೆದುಳಿನ ಒಂದು ಭಾಗ) ಬದಲಾವಣೆ ಇದ್ದವರಿಗೆ, ಮೂರು ತಿಂಗಳ ನಂತರ ಕೈಕಾಲು ಬಿಗಿತ, ನಡುಕ ಜಾಸ್ತಿ ಇರುತ್ತದೆಯೇ?" ಈ ವಾಕ್ಯದಲ್ಲೇ ಯಾರನ್ನು ಸೇರಿಸಬೇಕು, ಯಾವಾಗಿನ ಸ್ಕ್ಯಾನ್ ಬೇಕು, ಎಲ್ಲಿ ನೋಡಬೇಕು, ಯಾವಾಗ ಮತ್ತೆ ಕರೆಸಬೇಕು ಎಲ್ಲವೂ ಬಂದುಬಿಟ್ಟಿತು. ಜೆಇ ಆದವರಲ್ಲಿ ಪಾರ್ಕಿನ್ಸನ್ ಥರದ ಲಕ್ಷಣ ಕಾಣುವುದು ಗೊತ್ತಿರುವ ವಿಷಯ. ಸುಮ್ನೆ ಕಲ್ಪನೆಯ ಪ್ರಶ್ನೆ ಇದಲ್ಲ.

ಗೈಡ್ ಒಪ್ಪಿದ ಮೇಲೆ ಸಂಸ್ಥೆಯ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಿ. ಹಳೆಯ ಸ್ಕ್ಯಾನ್ ಮಾತ್ರ ನೋಡುವುದಾದರೆ ಪ್ರತಿಯೊಬ್ಬರ ಒಪ್ಪಿಗೆ ಪತ್ರ ಬೇಡವೆಂದು ವಿನಾಯಿತಿ ಕೇಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಮತ್ತೆ ಕರೆಸಿ ನೋಡುವುದಾದರೆ ಒಪ್ಪಿಗೆ ಬೇಕೇ ಬೇಕು. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯಿಂದ ಬರುವ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ಒಪ್ಪಿಗೆ ಪತ್ರ ಕನ್ನಡ, ತೆಲುಗು ಎರಡರಲ್ಲೂ ಇರಲಿ.

ಹಂತ 2: ಯಾರನ್ನು ಸೇರಿಸಬೇಕು

ಆರಂಭಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಎಇಎಸ್ (ಅಕ್ಯೂಟ್ ಎನ್‌ಸೆಫಲೈಟಿಸ್ ಸಿಂಡ್ರೋಮ್) ವ್ಯಾಖ್ಯೆ ಸಾಕು: ಹಠಾತ್ತಾಗಿ ಬಂದ ಜ್ವರ, ಅದರ ಜೊತೆಗೆ ಪ್ರಜ್ಞೆಯಲ್ಲಿ ಏರುಪೇರು ಅಥವಾ ಹೊಸದಾಗಿ ಬಂದ ಫಿಟ್ಸ್. ಮಕ್ಕಳಲ್ಲಿ ಜ್ವರಕ್ಕೆ ಮಾತ್ರ ಬರುವ ಮಾಮೂಲಿ ಫಿಟ್ಸ್ ಲೆಕ್ಕಕ್ಕಿಲ್ಲ. ಇದು ದೊಡ್ಡ ಬಲೆ. ಜೆಇ, ಡೆಂಗಿ, ಹರ್ಪಿಸ್, ಸ್ಕ್ರಬ್ ಟೈಫಸ್, ಟಿಬಿ ಎಲ್ಲವೂ ಇದರೊಳಗೆ ಬೀಳುತ್ತವೆ.

ಅಲ್ಲಿಂದ ಮುಂದೆ ಬೇರ್ಪಡಿಸುವುದು ಲ್ಯಾಬ್. ಜೆಇಗೆ ಬೆನ್ನುನೀರಿನಲ್ಲಿ ಐಜಿಎಂ ಎಲೈಸಾ, ಅಂದರೆ ಸೋಂಕಿನ ಆರಂಭದಲ್ಲಿ ಮೂಡುವ ಪ್ರತಿಕಾಯದ ಪರೀಕ್ಷೆ, ಮಾಡುತ್ತಾರೆ. ರಕ್ತದಲ್ಲೂ ಮಾಡಬಹುದು, ಆದರೆ ಬೆನ್ನುನೀರಿನದು ಜಾಸ್ತಿ ನಂಬಿಕೆಗೆ ಅರ್ಹ. ಇತ್ತೀಚೆಗೆ ಜೆಇ ಲಸಿಕೆ ಹಾಕಿಸಿಕೊಂಡ ಮಗುವಿನ ರಕ್ತದಲ್ಲಿ ಐಜಿಎಂ ಇರಬಹುದು, ಡೆಂಗಿ ಐಜಿಎಂ ಕೂಡ ಗೊಂದಲ ಮಾಡಬಹುದು. ಮೊದಲ ಎರಡು ಮೂರು ದಿನದ ಸ್ಯಾಂಪಲ್ ನೆಗೆಟಿವ್ ಬಂತೆಂದು ಆ ರೋಗಿಯನ್ನು ಬಿಡಬೇಡಿ. ಏಳನೇ ದಿನದ ಹೊತ್ತಿಗೆ ಬಹುತೇಕ ಎಲ್ಲರಲ್ಲೂ ಐಜಿಎಂ ಸಿಗುತ್ತದೆ. ಹರ್ಪಿಸ್‌ಗೆ ಬೆನ್ನುನೀರಿನ ಪಿಸಿಆರ್, ಅಂದರೆ ವೈರಸ್‌ನ ಡಿಎನ್‌ಎ ಹುಡುಕುವ ಪರೀಕ್ಷೆ. ಅದೂ ಮೊದಲ ಮೂರು ದಿನದಲ್ಲಿ ಸುಳ್ಳು ನೆಗೆಟಿವ್ ಕೊಡಬಹುದು. ಅನುಮಾನ ಇದ್ದರೆ ಮತ್ತೆ ಕಳಿಸಬೇಕು.

ಇಲ್ಲಿ ಒಂದು ಮಾತು ಖಡಾಖಂಡಿತ. ನಿಮ್ಮ ಅಧ್ಯಯನಕ್ಕೋಸ್ಕರ ಯಾರ ಚಿಕಿತ್ಸೆಯೂ ತಡವಾಗಬಾರದು. ಹರ್ಪಿಸ್ ಇರಬಹುದು ಅನ್ನಿಸಿದರೆ ಫಿಸಿಷಿಯನ್ ಹರ್ಪಿಸ್‌ನ ಔಷಧ ಏಸೈಕ್ಲೊವಿರ್ ಶುರು ಮಾಡುತ್ತಾರೆ, ಸ್ಕ್ಯಾನ್ ಆಮೇಲೆ. "ಎಂಆರ್‌ಐ ಆದ ಮೇಲೆ ನೋಡೋಣ" ಅನ್ನುವ ಮಾತು ನಿಮ್ಮ ಬಾಯಿಂದ ಬರದಿರಲಿ.

ಸೇರಿಸುವಾಗ ನುಸುಳುವ ಒಂದು ಓರೆಯನ್ನೂ (ಬಯಾಸ್) ಗಮನಿಸಿ. ಜೆಇ ವೈರಸ್ ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ತೀವ್ರ ಕಾಯಿಲೆ ಆಗುತ್ತದೆ. ಅವರಲ್ಲೂ ತುಂಬಾ ಸೀರಿಯಸ್ ಆದವರನ್ನು ನೇರವಾಗಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗುತ್ತಾರೆ. ಬೇಗ ಚೇತರಿಸಿಕೊಂಡವರಿಗೆ ಎಂಆರ್‌ಐ ಮಾಡಿಸುವುದೇ ಇಲ್ಲ. ನಿಮ್ಮ ಮುಂದೆ ಉಳಿಯುವುದು ನಡುವಿನವರು. ಥೀಸಿಸ್‌ನಲ್ಲಿ ಇದನ್ನು ಬಿಡಿಸಿ ಬರೆಯಿರಿ. ಎಕ್ಸಾಮಿನರ್ ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತದೆ.

ಹಳೆಯ ವರದಿಗಳ ಜೊತೆ ಹೋಲಿಸುವವರಿಗೆ ಒಂದು ಕಿವಿಮಾತು: ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆಯಾಯಿತು. ಅದಕ್ಕೂ ಹಿಂದಿನ "ಕೋಲಾರ ಜಿಲ್ಲೆ" ಎಂದರೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ ಎಲ್ಲ ಸೇರಿ. ಹಾಗಾಗಿ ವಿಳಾಸದಲ್ಲಿ ತಾಲ್ಲೂಕಿನ ಹೆಸರು ಬರೆದುಕೊಳ್ಳಿ, ಜಿಲ್ಲೆ ಸಾಲದು.

ಹಂತ 3: ತಾರೀಕು

ಇಡೀ ಕೆಲಸದಲ್ಲಿ ಜನ ಅತಿ ಕಡಿಮೆ ಗಮನ ಕೊಡುವುದು ಇದಕ್ಕೆ. ಮೊದಲ ಒಂದೆರಡು ದಿನದಲ್ಲಿ ತೆಗೆದ ಎಂಆರ್‌ಐ ನಾರ್ಮಲ್ ಇರಬಹುದು. ಅದೇ ರೋಗಿಯ ಮುಂದಿನ ವಾರದ ಸ್ಕ್ಯಾನ್‌ನಲ್ಲಿ ಎರಡೂ ಥಲಾಮಸ್ ಬೆಳ್ಳಗೆ ಕಾಣಬಹುದು. ಇಬ್ಬರು ರೋಗಿಗಳ ವ್ಯತ್ಯಾಸ ಎಂದು ನೀವು ಬರೆದದ್ದು ನಿಜವಾಗಿ ಎರಡು ದಿನಗಳ ವ್ಯತ್ಯಾಸ ಆಗಿರಬಹುದು, ಅಲ್ವಾ?

ಮೂರು ತಾರೀಕು ಬೇರೆ ಬೇರೆ ಕಾಲಂನಲ್ಲಿ ಇರಲಿ: ಜ್ವರ ಶುರುವಾದದ್ದು, ಪ್ರಜ್ಞೆ ಏರುಪೇರಾದದ್ದು ಅಥವಾ ಫಿಟ್ಸ್ ಬಂದದ್ದು, ಸ್ಕ್ಯಾನ್ ಆದದ್ದು. ಆಸ್ಪತ್ರೆಗೆ ಸೇರಿದ ದಿನವನ್ನು ಕಾಯಿಲೆಯ ಮೊದಲ ದಿನ ಎಂದು ಹಿಡಿಯಬೇಡಿ. ಮನೆಯವರು ಮೊದಲು ಊರಿನ ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಹಾಕಿಸಿ, ಆಮೇಲೆ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಅಲ್ಲಿಂದ ನಿಮ್ಮಲ್ಲಿಗೆ ಬಂದಿರುತ್ತಾರೆ. "ಯಾವ ತಾರೀಕು?" ಎಂದರೆ ತಡವರಿಸುತ್ತಾರೆ. "ಸಂತೆ ದಿನ ಚೆನ್ನಾಗಿದ್ದನಾ ಅಮ್ಮಾ? ಸ್ಕೂಲಿಗೆ ಕೊನೆಗೆ ಹೋಗಿದ್ದು ಯಾವತ್ತು?" ಎಂದು ಕೇಳಿ, ಸರಿಯಾಗಿ ಹೇಳುತ್ತಾರೆ. "ಮಂಕಾಗಿದ್ದ", "ಮಾತು ನಿಂತುಹೋಯಿತು", "ಗುರುತು ಹಿಡಿಯಲಿಲ್ಲ" ಎಂಬ ಮಾತುಗಳನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ.

ಹಂತ 4: ಸ್ಕ್ಯಾನ್ ಕೋಣೆ

ಮೊದಲು ಸುರಕ್ಷತೆ. ಪ್ರಜ್ಞೆ ಇಲ್ಲದ ರೋಗಿ ತನ್ನ ಮೈಮೇಲೆ ಏನಿದೆ ಎಂದು ಹೇಳಲಾರ. ತಾಳಿ, ಕಾಲುಂಗುರ ಎಲ್ಲರಿಗೂ ನೆನಪಾಗುತ್ತವೆ. ಮರೆಯುವುದು ಸೀರೆ ಸೆರಗಿನ ಪಿನ್ನು, ಮಗುವಿನ ಉಡಿದಾರ, ತೋಳಿನ ತಾಯಿತ, ಜಡೆಯ ಹೇರ್‌ಪಿನ್ನು. ತಾಯಿತ ಬಿಚ್ಚಲು ಅಜ್ಜಿ ಒಪ್ಪದಿದ್ದರೆ ಜಗಳ ಬೇಡ. ಅಜ್ಜಿಯ ಕೈಯಲ್ಲೇ ಬಿಚ್ಚಿಸಿ, ಅವರ ಮುಷ್ಟಿಯಲ್ಲೇ ಹೊರಗೆ ಇಟ್ಟುಕೊಳ್ಳಲು ಹೇಳಿ. ಆಕ್ಸಿಜನ್ ಸಿಲಿಂಡರ್ ವಿಷಯದಲ್ಲಂತೂ ರಾಜಿ ಇಲ್ಲ. 2018ರಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಕರೊಬ್ಬರು ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋಗಿ ಪ್ರಾಣ ಕಳೆದುಕೊಂಡರು. ಸ್ಕ್ಯಾನ್ ನಡೆಯದಿದ್ದರೂ ಅಯಸ್ಕಾಂತ ಸದಾ ಆನ್ ಇರುತ್ತದೆ ಎಂಬುದನ್ನು ವಾರ್ಡ್ ಬಾಯ್‌ಗಳಿಗೂ ತಿಳಿಸಿ ಹೇಳಿ.

ಇನ್ನು ಸೀಕ್ವೆನ್ಸ್‌ಗಳು, ಅಂದರೆ ಎಂಆರ್‌ಐ ಚಿತ್ರ ತೆಗೆಯುವ ಬೇರೆ ಬೇರೆ ಬಗೆಗಳು. 1.5 ಟೆಸ್ಲಾ ಮಷೀನ್ ಸಾಕು. ಟಿ1, ಟಿ2, ಫ್ಲೇರ್, ಡಿಫ್ಯೂಷನ್ (ಅಂಗಾಂಶದಲ್ಲಿ ನೀರಿನ ಓಡಾಟ ತೋರಿಸುವುದು) ಮತ್ತು ಆ ಓಡಾಟವನ್ನು ಅಳೆದು ತೋರಿಸುವ ಎಡಿಸಿ ಮ್ಯಾಪ್, ರಕ್ತಸ್ರಾವಕ್ಕೆ ಎಸ್‌ಡಬ್ಲ್ಯುಐ. ಫ್ಲೇರ್ ಒಂದನ್ನು ಅಡ್ಡ ಸೀಳಿನ (ಆಕ್ಸಿಯಲ್) ಜೊತೆಗೆ ಮುಂದಿನಿಂದ ನೋಡಿದ ಹಾಗಿನ ಕೊರೊನಲ್ ಸೀಳಿನಲ್ಲೂ ತೆಗೆಯಿರಿ, ಇಲ್ಲದಿದ್ದರೆ ಟೆಂಪೊರಲ್ ಲೋಬ್‌ನ ಒಳಭಾಗದ ಹಿಪೊಕ್ಯಾಂಪಸ್ ಸರಿಯಾಗಿ ಸಿಗುವುದಿಲ್ಲ. ಕಾಂಟ್ರಾಸ್ಟ್ ಎಲ್ಲರಿಗೂ ಬೇಡ. ಟಿಬಿ ಅಥವಾ ಕೀವುಗಡ್ಡೆಯ ಅನುಮಾನ ಇದ್ದರೆ ಕೊಡಿ, ಅದಕ್ಕೂ ಮೊದಲು ಕಿಡ್ನಿ ರಿಪೋರ್ಟ್ ನೋಡಿ. ರೋಗಿ ಒದ್ದಾಡುತ್ತಿದ್ದರೆ ಡಿಫ್ಯೂಷನ್ ಮೊದಲು ಹಾಕಿ. ಅದು ಬೇಗ ಮುಗಿಯುತ್ತದೆ. ಅಷ್ಟಾದರೂ ಕೈಗೆ ಸಿಕ್ಕಿರುತ್ತದೆ.

ಎರಡು ಮೋಸಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು: ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೆ ಇರುವುದೆಲ್ಲ ರಿಸ್ಟ್ರಿಕ್ಷನ್ (ನೀರಿನ ಓಡಾಟಕ್ಕೆ ಅಡ್ಡಿ) ಅಲ್ಲ. ಟಿ2ನಲ್ಲಿ ತುಂಬಾ ಬೆಳ್ಳಗಿರುವ ಜಾಗ ಡಿಫ್ಯೂಷನ್‌ನಲ್ಲೂ ಹೊಳೆಯುತ್ತದೆ. ಎಡಿಸಿಯಲ್ಲಿ ಅದೇ ಜಾಗ ಕಪ್ಪಾಗಿದ್ದರೆ ಮಾತ್ರ ರಿಸ್ಟ್ರಿಕ್ಷನ್. ಎರಡು: ಜಾಸ್ತಿ ಆಕ್ಸಿಜನ್ ಕೊಟ್ಟು ಮಲಗಿಸಿದ ರೋಗಿಯ ಫ್ಲೇರ್‌ನಲ್ಲಿ ಮೆದುಳಿನ ಮಡಿಕೆಗಳ ನಡುವಿನ ನೀರು ಬೆಳ್ಳಗೆ ಕಾಣಬಹುದು. ಮೆನಿಂಜೈಟಿಸ್ ಎಂದೇ ಅನ್ನಿಸುತ್ತದೆ. ಮೆದುಳು ಜ್ವರದ ಎಷ್ಟೋ ರೋಗಿಗಳು ವೆಂಟಿಲೇಟರ್ ಮೇಲೆ ಅಥವಾ ಸೆಡೇಷನ್‌ನಲ್ಲಿ ಇರುವುದರಿಂದ ಇದು ನಿಮಗೆ ಪದೇ ಪದೇ ಎದುರಾಗುತ್ತದೆ. ಸ್ಕ್ಯಾನ್ ವೇಳೆ ಆಕ್ಸಿಜನ್ ಎಷ್ಟಿತ್ತು ಎಂಬುದಕ್ಕೂ ಒಂದು ಕಾಲಂ ಇರಲಿ.

ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿಕೊಂಡು ಬಂದವರ ಬಳಿ ಪ್ಲಾಸ್ಟಿಕ್ ಕವರ್‌ನಲ್ಲಿ ಫಿಲ್ಮ್ ಮಾತ್ರ ಇರುತ್ತದೆ. ಮೊಬೈಲ್‌ನಲ್ಲಿ ಫಿಲ್ಮ್ ಫೋಟೊ ತೆಗೆದು ಅಳತೆ ಮಾಡಲು ಹೋಗಬೇಡಿ. ಸಿಡಿ ಕೇಳಿ, ಇಲ್ಲದಿದ್ದರೆ ಆ ಸೆಂಟರ್‌ನಿಂದ ಡೈಕಾಮ್ ಫೈಲ್ (ಸ್ಕ್ಯಾನ್‌ನ ಮೂಲ ಡಿಜಿಟಲ್ ಫೈಲ್) ತರಿಸಿ.

ಹಂತ 5: ಎಲ್ಲಿ ನೋಡಬೇಕು

ಪ್ರತಿ ಸ್ಕ್ಯಾನ್‌ಗೂ ಒಂದೇ ಚೆಕ್‌ಲಿಸ್ಟ್ ಇಟ್ಟುಕೊಳ್ಳಿ. ಎಡ, ಬಲ ಬೇರೆ ಬೇರೆ. ಥಲಾಮಸ್, ಪುಟಾಮೆನ್, ಕಾಡೇಟ್, ಸಬ್‌ಸ್ಟ್ಯಾನ್ಶಿಯಾ ನೈಗ್ರಾ, ಪಾನ್ಸ್, ಮೆಡುಲಾ, ಹಿಪೊಕ್ಯಾಂಪಸ್, ಇನ್ಸುಲಾ, ಟೆಂಪೊರಲ್ ತುದಿ, ಕಾರ್ಟೆಕ್ಸ್, ಬಿಳಿ ಭಾಗ, ಸೆರೆಬೆಲಮ್. ಕಣ್ಣಿಗೆ ಬಿದ್ದದ್ದನ್ನು ಮಾತ್ರ ಬರೆಯುವ ಅಭ್ಯಾಸ ರಿಪೋರ್ಟಿಂಗ್‌ಗೆ ನಡೆಯುತ್ತದೆ, ಅಧ್ಯಯನಕ್ಕೆ ನಡೆಯುವುದಿಲ್ಲ. "ಇಲ್ಲ" ಎಂಬುದನ್ನೂ ಬರೆಯಬೇಕು.

ಜೆಇಯಲ್ಲಿ ಎರಡೂ ಥಲಾಮಸ್ ಮುಖ್ಯ ಸುಳಿವು. ಟಿ2, ಫ್ಲೇರ್‌ನಲ್ಲಿ ಬೆಳ್ಳಗೆ, ಕೆಲವರಲ್ಲಿ ಒಳಗೆ ರಕ್ತಸ್ರಾವ. ಅದರ ಜೊತೆ ಸಬ್‌ಸ್ಟ್ಯಾನ್ಶಿಯಾ ನೈಗ್ರಾ, ಬೇಸಲ್ ಗ್ಯಾಂಗ್ಲಿಯಾ, ಬ್ರೈನ್‌ಸ್ಟೆಮ್. ಜೆಇಯಲ್ಲೂ ಹಿಪೊಕ್ಯಾಂಪಸ್ ಹಾಳಾಗಬಹುದು, ಇಲ್ಲೇ ಹರ್ಪಿಸ್ ಜೊತೆ ಗೊಂದಲ. ಹರ್ಪಿಸ್ ಟೆಂಪೊರಲ್ ಲೋಬ್‌ನ ಮುಂಭಾಗ, ಒಳಭಾಗ, ಇನ್ಸುಲಾ ಎಲ್ಲ ಹಿಡಿಯುತ್ತದೆ, ಸಾಮಾನ್ಯವಾಗಿ ಒಂದು ಬದಿಗೆ ಜಾಸ್ತಿ, ಪುಟಾಮೆನ್ ಹತ್ತಿರ ಬಂದು ನಿಂತುಬಿಡುತ್ತದೆ. ಜೆಇಯಲ್ಲಿ ಟೆಂಪೊರಲ್ ಲೋಬ್‌ನ ಬದಲಾವಣೆ ಬಹುತೇಕ ಹಿಪೊಕ್ಯಾಂಪಸ್‌ಗೆ ಸೀಮಿತ, ಇನ್ಸುಲಾ ಉಳಿದುಕೊಂಡಿರುತ್ತದೆ, ಥಲಾಮಸ್ ಜೊತೆಯಲ್ಲಿರುತ್ತದೆ.

ಡೆಂಗಿಯೂ ಥಲಾಮಸ್‌ಗೆ ಬರಬಹುದು. ಎರಡೂ ಥಲಾಮಸ್‌ನಲ್ಲಿ ನಡುವೆ ಒಂದು ಬಣ್ಣ, ಸುತ್ತ ಇನ್ನೊಂದು ಬಣ್ಣದ ಉಂಗುರ, ಪಕ್ಕಪಕ್ಕ ಇಟ್ಟ ಎರಡು ಉದ್ದಿನ ವಡೆಯ ಹಾಗೆ. ಡಬಲ್ ಡೋನಟ್ ಎಂದು ಜರ್ನಲ್‌ಗಳಲ್ಲಿ ಬರೆಯುತ್ತಾರೆ. ಚಿಕನ್‌ಗುನ್ಯಾದಲ್ಲಿ ಬಿಳಿ ಭಾಗದಲ್ಲಿ ಸಣ್ಣ ಸಣ್ಣ ಚುಕ್ಕೆ. ನಿಪಾದಲ್ಲೂ ಹಾಗೇ ಚದುರಿದ ಸಣ್ಣ ಗುರುತುಗಳು.

ರೇಬಿಸ್ ಬೇರೆಯೇ. ರೋಗಿ ಅಷ್ಟು ಸೀರಿಯಸ್ ಇದ್ದರೂ ಎಂಆರ್‌ಐನಲ್ಲಿ ಕಾಣುವುದು ಅಸ್ಪಷ್ಟ, ಮಸುಕು ಬದಲಾವಣೆ: ಬ್ರೈನ್‌ಸ್ಟೆಮ್, ಹಿಪೊಕ್ಯಾಂಪಸ್, ಹೈಪೊಥಲಾಮಸ್, ಪಾರ್ಶ್ವವಾಯು ರೂಪದಲ್ಲಿ ಬೆನ್ನುಹುರಿ. ಚಿತ್ರ ಸೌಮ್ಯ, ಕಾಯಿಲೆ ಭೀಕರ. ನಾಯಿ ಕಡಿತದ ವಿಚಾರ ಕೇಳದೆ ಇಂಥ ಸ್ಕ್ಯಾನ್ ಓದಬೇಡಿ.

ಇನ್ನು ಎರಡೂ ಥಲಾಮಸ್ ಬೆಳ್ಳಗಿದೆ, ಆದರೆ ವೈರಸ್ಸೇ ಇಲ್ಲ ಎಂಬ ಪಟ್ಟಿ. ಮೆದುಳಿನ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು, ಬಾಣಂತಿಯರಲ್ಲಿ ಇದನ್ನು ಮೊದಲು ನೆನೆಯಬೇಕು. ಪರ್ಚರಾನ್ ಎಂಬ ಒಂದೇ ರಕ್ತನಾಳ ಮುಚ್ಚಿ ಎರಡೂ ಬದಿಗೆ ಸ್ಟ್ರೋಕ್ ಆಗುವುದು. ಕುಡಿತ ಅಥವಾ ನಿಲ್ಲದ ವಾಂತಿಯಿಂದ ಥಯಾಮಿನ್ ಕೊರತೆಯಾಗಿ ಬರುವ ವೆರ್ನಿಕೆ. ವೆರ್ನಿಕೆಯನ್ನು ಜೆಇ ಎಂದು ಓದಿದರೆ ಥಯಾಮಿನ್ ಇಂಜೆಕ್ಷನ್‌ಗೆ ಗುಣವಾಗಬಹುದಾದ ರೋಗಿಯನ್ನು ಕಳೆದುಕೊಳ್ಳುತ್ತೀರಿ.

ನಮ್ಮ ದೇಶದ್ದೇ ಒಂದು ವಿಶೇಷ ಇದೆ. ಲಾಡಿಹುಳುವಿನ ಮೊಟ್ಟೆಯಿಂದ ಮೆದುಳಿಗೆ ಬರುವ ನ್ಯೂರೋಸಿಸ್ಟಿಸರ್ಕೋಸಿಸ್ ಮತ್ತು ಜೆಇ ಒಬ್ಬರಲ್ಲೇ ಇರುವುದನ್ನು ಭಾರತದ ಸಂಶೋಧಕರು ಗಮನಿಸಿದ್ದಾರೆ. ಇಂಥವರಲ್ಲಿ ಥಲಾಮಸ್ ಬದಲಾವಣೆ ಎರಡೂ ಬದಿಗೆ ಸಮವಾಗಿರದೆ ಹುಳುವಿನ ಗೂಡು ಇರುವ ಬದಿಗೆ ಜಾಸ್ತಿ ಇರಬಹುದು. ಹಂದಿ ಎರಡಕ್ಕೂ ನಂಟು: ಜೆಇ ವೈರಸ್ ಅದರಲ್ಲಿ ಬೆಳೆಯುತ್ತದೆ, ಲಾಡಿಹುಳುವಿನ ಬಾಳಿನ ಒಂದು ಘಟ್ಟವೂ ಅದರೊಳಗೇ. ಚೆಕ್‌ಲಿಸ್ಟ್‌ನ ಕೊನೆಯಲ್ಲಿ ಇದಕ್ಕೊಂದು ಸಾಲು ಇಡಿ. ನನ್ನ ಪ್ರಕಾರ ಈ ಒಂದು ಸಾಲೇ ಪ್ರತ್ಯೇಕ ಥೀಸಿಸ್ ಆಗುವಷ್ಟು ಇದೆ.

ಹಂತ 6: ಹೆಸರು ತೆಗೆದು ಅಳೆಯಿರಿ

ಡೈಕಾಮ್ ಫೈಲ್ ಒಳಗೆ ಹೆಸರು, ವಯಸ್ಸು, ಆಸ್ಪತ್ರೆ ಎಲ್ಲ ಇರುತ್ತದೆ. ಹೆಡರ್‌ನಿಂದ ತೆಗೆದರೆ ಮುಗಿಯಲಿಲ್ಲ, ಕೆಲವು ಚಿತ್ರಗಳ ಮೇಲೇ ಹೆಸರು ಅಚ್ಚಾಗಿರುತ್ತದೆ. ತೆಳು ಸ್ಲೈಸ್‌ನ 3ಡಿ ಸ್ಕ್ಯಾನ್ ಆದರೆ ಮುಖವನ್ನೇ ಮತ್ತೆ ಕಟ್ಟಬಹುದು. ಹೊರಗೆ ಹಂಚುವ ಮುನ್ನ ಮುಖದ ಭಾಗ ಅಳಿಸಿ. ವಾಟ್ಸಾಪ್ ಗ್ರೂಪ್‌ಗೆ "ಇಂಟರೆಸ್ಟಿಂಗ್ ಕೇಸ್" ಎಂದು ಹಾಕುವುದೂ ಹಂಚಿಕೆಯೇ.

ಅಳತೆಗೆ 3ಡಿ ಸ್ಲೈಸರ್ ಅಥವಾ ಐಟಿಕೆ-ಸ್ನ್ಯಾಪ್ ಸಾಕು, ಎರಡೂ ಉಚಿತ. ಫ್ಲೇರ್‌ನಲ್ಲಿ ಹಾಳಾದ ಭಾಗದ ಮೇಲೆ ಒಂದೊಂದೇ ಸ್ಲೈಸ್‌ನಲ್ಲಿ ಬಣ್ಣ ಹಚ್ಚುತ್ತಾ ಹೋಗಿ. ಎಷ್ಟು ಚುಕ್ಕಿ ಆಯಿತು ಎಂದು ಸಾಫ್ಟ್‌ವೇರ್ ಹೇಳುತ್ತದೆ. ಉದಾಹರಣೆಗೆ 640 ಚುಕ್ಕಿ, ಒಂದೊಂದು 0.5 x 0.5 x 5 ಮಿಮೀ. ಆಗ 800 ಘನ ಮಿಮೀ, ಅಂದರೆ 0.8 ಮಿಲಿಲೀಟರ್. ಆದರೆ ಸ್ಲೈಸ್‌ಗಳ ನಡುವೆ 1 ಮಿಮೀ ಗ್ಯಾಪ್ ಬಿಟ್ಟಿದ್ದರೆ ಆಳ 5 ಅಲ್ಲ, 6 ಎಂದು ಹಿಡಿಯಬೇಕು. ಉತ್ತರ 0.96 ಆಗುತ್ತದೆ. ಒಂದು ಸಣ್ಣ ಗ್ಯಾಪ್‌ನಿಂದ ಶೇಕಡಾ 20ರ ವ್ಯತ್ಯಾಸ! ನಿಮ್ಮ ಫೈಲ್‌ನಲ್ಲಿ ಸಾಫ್ಟ್‌ವೇರ್ ಯಾವುದನ್ನು ಹಿಡಿದಿದೆ ಎಂದು ಒಂದು ಸಲ ಕೈಯಲ್ಲಿ ಲೆಕ್ಕ ಮಾಡಿ ನೋಡಿ.

ಎಡಿಸಿ ಅಳೆಯುವವರಿಗೆ: ಸ್ಟ್ರೋಕ್‌ನಲ್ಲಿ ಎದುರು ಬದಿಯ ಆರೋಗ್ಯವಂತ ಭಾಗದ ಜೊತೆ ಹೋಲಿಸುತ್ತೀರಿ. ಜೆಇಯಲ್ಲಿ ಎದುರು ಬದಿಯೂ ಹಾಳಾಗಿರುತ್ತದೆ. ಚೆನ್ನಾಗಿ ಕಾಣುವ ಬಿಳಿ ಭಾಗದ ಜೊತೆ ಹೋಲಿಸಿ.

ಹಂತ 7: ಇಬ್ಬರು ಓದಬೇಕು

ಲ್ಯಾಬ್ ರಿಪೋರ್ಟ್ ಗೊತ್ತಿದ್ದವರ ಕಣ್ಣಿಗೆ ಥಲಾಮಸ್ ಬೇಗ ಬೆಳ್ಳಗಾಗುತ್ತದೆ. ಅದಕ್ಕೇ ಇಬ್ಬರು, ಬೇರೆ ಬೇರೆಯಾಗಿ, ರಿಪೋರ್ಟ್ ನೋಡದೆ ಓದಬೇಕು. ವೈರಸ್ ಇಲ್ಲದ, ಬೇರೆ ಕಾರಣಕ್ಕೆ ಸ್ಕ್ಯಾನ್ ಆದವರ ಚಿತ್ರಗಳನ್ನೂ ನಡುವೆ ಬೆರೆಸಿ.

ಇಬ್ಬರ ಹೊಂದಾಣಿಕೆಗೆ ಕಪ್ಪಾ ಲೆಕ್ಕ, ಅಂದರೆ ಅದೃಷ್ಟದಿಂದ ಹೊಂದಿದ್ದನ್ನು ಕಳೆದು ಅಳೆಯುವುದು. 40 ಸ್ಕ್ಯಾನ್ ಅಂದುಕೊಳ್ಳಿ. 18ಕ್ಕೆ ಇಬ್ಬರೂ "ಇದೆ" ಎಂದರು, 14ಕ್ಕೆ ಇಬ್ಬರೂ "ಇಲ್ಲ" ಎಂದರು, ಮೊದಲನೆಯವರು ಮಾತ್ರ "ಇದೆ" ಎಂದದ್ದು 5, ಎರಡನೆಯವರು ಮಾತ್ರ ಎಂದದ್ದು 3. ಶೇಕಡಾ 80 ಹೊಂದಿಕೆ, ಭೇಷ್ ಅನ್ನಿಸುತ್ತದೆ. ಆದರೆ ಸುಮ್ನೆ ಅದೃಷ್ಟದಲ್ಲೇ ಶೇಕಡಾ 50ರಷ್ಟು ಹೊಂದುತ್ತಿತ್ತು. ಅದನ್ನು ಕಳೆದರೆ ಕಪ್ಪಾ ಬರುವುದು ಸುಮಾರು 0.6. ಪರವಾಗಿಲ್ಲ, ಆದರೆ ಹೆಮ್ಮೆ ಪಡುವಂಥದ್ದಲ್ಲ. ಒಪ್ಪದ ಆ 8 ಸ್ಕ್ಯಾನ್‌ಗಳನ್ನು ಮೂರನೆಯವರಿಗೆ ತೋರಿಸಿ.

ವೈರಸ್ಸನ್ನೇ ನೋಡಬೇಕಿದ್ದರೆ

ಅದಕ್ಕೆ ಮೆದುಳಿನ ತುಣುಕು ಬೇಕು, ಮೈಕ್ರೊಸ್ಕೋಪ್ ಬೇಕು. ರೇಬಿಸ್‌ಗೆ ತೀರಿಕೊಂಡ ನಂತರ ಮಾಡುವ ಫ್ಲೋರೊಸೆಂಟ್ ಆಂಟಿಬಾಡಿ ಪರೀಕ್ಷೆಯಲ್ಲಿ ವೈರಸ್‌ನ ಪ್ರೊಟೀನ್ ಹಸಿರಾಗಿ ಹೊಳೆಯುತ್ತದೆ. 1903ರಲ್ಲಿ ನೆಗ್ರಿ ಕಂಡ ಗುಳಿಗೆಯಂಥ ನೆಗ್ರಿ ಬಾಡಿಗಳು ಸಾಮಾನ್ಯ ಮೈಕ್ರೊಸ್ಕೋಪ್‌ನಲ್ಲೇ ಕಾಣುತ್ತವೆ, ಆದರೆ ಎಲ್ಲರಲ್ಲೂ ಸಿಗುವುದಿಲ್ಲ. ಸಾಮಾನ್ಯ ಲೈಟ್ ಮೈಕ್ರೊಸ್ಕೋಪ್ 200 ನ್ಯಾನೊಮೀಟರ್‌ಗಿಂತ ಸಣ್ಣದನ್ನು ಬಿಡಿಸಿ ತೋರಿಸಲಾರದು. ಜೆಇ ವೈರಸ್‌ನ ಕಣವನ್ನೇ ನೋಡಲು ಎಲೆಕ್ಟ್ರಾನ್ ಮೈಕ್ರೊಸ್ಕೋಪ್ ಬೇಕು. ಇದು ಕಾಲೇಜಿನ ಲ್ಯಾಬ್‌ನಲ್ಲಿ ಮಾಡುವ ಕೆಲಸ ಅಲ್ಲ. ನಿಮ್ಹಾನ್ಸ್‌ನ ನ್ಯೂರೋವೈರಾಲಜಿ, ನ್ಯೂರೋಪ್ಯಾಥಾಲಜಿ ವಿಭಾಗಗಳ ಜೊತೆ ಕೈಜೋಡಿಸಿ. ಅಲ್ಲಿ ಮೆದುಳಿನ ಬ್ಯಾಂಕ್ ಕೂಡ ಇದೆ. ನೀವು ಎಂಆರ್‌ಐನಲ್ಲಿ ಗುರುತಿಸಿದ ಜಾಗವನ್ನೇ ಅವರು ತುಣುಕಿನಲ್ಲಿ ನೋಡುವ ಅವಕಾಶ ಸಿಕ್ಕರೆ ನಿಮ್ಮ ಚಿತ್ರಕ್ಕೆ ನಿಜವಾದ ಬೆಲೆ ಬರುತ್ತದೆ.

ಹಂತ 8: ಮತ್ತೆ ಕರೆಸುವುದು

ಮೊದಲ ದಿನವೇ ಎರಡು ಫೋನ್ ನಂಬರ್ ತೆಗೆದುಕೊಳ್ಳಿ, ಒಂದು ಮನೆಯದು, ಇನ್ನೊಂದು ಪಕ್ಕದ ಮನೆಯವರದೋ ಸಂಬಂಧಿಕರದೋ. ಊರಿನ ಆಶಾ ಕಾರ್ಯಕರ್ತೆ ಯಾರೆಂದು ಕೇಳಿಟ್ಟುಕೊಳ್ಳಿ, ಎಷ್ಟೋ ಸಲ ಅವರೇ ದಾರಿ. ರೇಷ್ಮೆ ಹುಳು ಹಣ್ಣಾಗುವ ಸಮಯದಲ್ಲಿ, ಟೊಮೆಟೊ ಕೊಯ್ಲಿನಲ್ಲಿ ಯಾರೂ ಬರುವುದಿಲ್ಲ. ಮೂರು ತಿಂಗಳಿಗೆ ಸರಿಯಾಗಿ ಬರಲಿ ಎಂದು ಪಟ್ಟು ಹಿಡಿಯದೆ, ಎರಡೂವರೆಯಿಂದ ನಾಲ್ಕು ತಿಂಗಳೊಳಗೆ ಎಂದು ಮೊದಲೇ ಪ್ರೊಟೋಕಾಲ್‌ನಲ್ಲಿ ಬರೆದಿಡಿ. ಬಸ್ ಚಾರ್ಜ್ ಥೀಸಿಸ್ ಬಜೆಟ್‌ನಲ್ಲಿ ಇರಲಿ. ಎರಡನೇ ಎಂಆರ್‌ಐ ಮಾಡಲು ಹಣ ಇಲ್ಲದಿದ್ದರೂ ನಡಿಗೆ, ಮಾತು, ಕೈ ಬಿಗಿತ ನೋಡಿ ಬರೆದುಕೊಳ್ಳಿ. ಹಂತ 1ರ ಪ್ರಶ್ನೆಗೆ ಅಷ್ಟು ಸಾಕು. ಬಾರದೆ ಹೋದವರು ಎಷ್ಟು, ತೀರಿಕೊಂಡವರು ಎಷ್ಟು ಎಂಬುದನ್ನು ಟೇಬಲ್‌ನ ಮೊದಲ ಸಾಲಿನಲ್ಲೇ ಹಾಕಿ, ಅಡಿಟಿಪ್ಪಣಿಯಲ್ಲಿ ಅಲ್ಲ.